ವೆಲ್ಲೆಸ್ಲಿಯ ಬಡ್ತಿಗಳ ಲೆಕ್ಕ ಹಿಡಿದದ್ದು

ಶ್ರೀರಂಗಪಟ್ಟಣದಲ್ಲಿ ಪ್ರವಾಸಿಗರಿಗೆ ಕೋಟೆ ತೋರಿಸುವುದು ನನ್ನ ಕಸುಬು. ‘ಟಿಪ್ಪು ಮಡಿದ ಮೇಲೆ ಈ ದರಿಯಾ ದೌಲತ್‌ನಲ್ಲಿ ಡ್ಯೂಕ್ ಆಫ್ ವೆಲ್ಲಿಂಗ್ಟನ್ ವಾಸವಿದ್ದರು, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವರು ಅವರೇ’ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದೆ. ಒಮ್ಮೆ ನಿವೃತ್ತ ಸುಬೇದಾರರೊಬ್ಬರು ತಡೆದರು: ‘ಆಗ ಅವರ ರ‍್ಯಾಂಕ್ ಏನಿತ್ತು ಸ್ವಾಮಿ?’ ಕರ್ನಲ್ ಎಂದೆ. ‘ಮೂವತ್ತಕ್ಕೇ ಕರ್ನಲ್ಲೇ? ಹೇಗೆ?’ ನನ್ನ ಬಾಯಿ ಕಟ್ಟಿತು.

ಮನೆಗೆ ಬಂದವನೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದೆ. ಎಡಕ್ಕೆ ಹುದ್ದೆ, ಬಲಕ್ಕೆ ಆಗ ಆರ್ಥರ್ ವೆಲ್ಲೆಸ್ಲಿ (ಡ್ಯೂಕ್ ಆಗುವ ಮೊದಲಿನ ಆತನ ಹೆಸರು) ಮಾಡುತ್ತಿದ್ದ ಕೆಲಸ. 1787ರಲ್ಲಿ ಎನ್‌ಸೈನ್, ಅಂದರೆ ಅಧಿಕಾರಿಗಳಲ್ಲಿ ಕೊನೆಯ ಮೆಟ್ಟಿಲು; 1793ರ ಸೆಪ್ಟೆಂಬರ್ ಹೊತ್ತಿಗೆ 33ನೇ ರೆಜಿಮೆಂಟಿನ ಲೆಫ್ಟಿನೆಂಟ್ ಕರ್ನಲ್. ಬಲಗಡೆ ಬರೆಯಲು ಒಂದು ಯುದ್ಧವೂ ಇಲ್ಲ! ಡಬ್ಲಿನ್‌ನಲ್ಲಿ ಎಡಿಸಿ, ಅಂದರೆ ಆಪ್ತ ಸೇನಾ ಸಹಾಯಕನ ಕೆಲಸ, ಐರಿಷ್ ಸಂಸತ್ತಿನ ಸದಸ್ಯತ್ವ, ಅಷ್ಟೇ. ಆಗಿನ ಬ್ರಿಟಿಷ್ ಕಾಲಾಳು ದಳದಲ್ಲಿ ಹುದ್ದೆಗಳನ್ನು ಹಣ ಕೊಟ್ಟು ಕೊಳ್ಳಬಹುದಿತ್ತು. ಆ ಪದ್ಧತಿ ನಿಂತದ್ದು 1871ರಲ್ಲಿ. ಈತನಿಗೆ ಹಣ ಒದಗಿಸಿದವನು ಅಣ್ಣ ರಿಚರ್ಡ್.

ಹೆಚ್ಚು ದಿನ ಹಿಡಿದದ್ದು ನಮ್ಮೂರಿನ ಸಾಲು. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನಪೇಟೆಯ ಮರಗಳ ತೋಪಿಗೆ ನುಗ್ಗಿದ ವೆಲ್ಲೆಸ್ಲಿಯ ಪಡೆ ಕತ್ತಲಲ್ಲಿ ದಿಕ್ಕುತಪ್ಪಿ ಹಿಂದಿರುಗಿತು. ಮರುದಿನ ಬೆಳಕಿನಲ್ಲಿ ಹೋಗಿ ತೋಪನ್ನು ಹಿಡಿದರು. ಮೇ 4ರಂದು ಕೋಟೆಯ ಮೇಲಿನ ದಾಳಿಯನ್ನು ನಡೆಸಿದವನು ಮೇಜರ್ ಜನರಲ್ ಬೇರ್ಡ್. ಹುದ್ದೆಯಲ್ಲಿ ಹಿರಿಯ, ಹೈದರನ ಕಾಲದಲ್ಲಿ ಸೆರೆಸಿಕ್ಕು ಇದೇ ಪಟ್ಟಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕೊಳೆತವನು. ಆದರೂ ಬ್ರಿಟಿಷ್ ಸೇನೆಯ ದಂಡನಾಯಕ ಜನರಲ್ ಹ್ಯಾರಿಸ್ ಪಟ್ಟಣದ ಅಧಿಕಾರವನ್ನು ಕೊಟ್ಟದ್ದು ವೆಲ್ಲೆಸ್ಲಿಗೆ. ಅಣ್ಣ ರಿಚರ್ಡ್ ಆಗ ಗವರ್ನರ್ ಜನರಲ್! ಬೇರ್ಡ್‌ಗೆ ಅನ್ಯಾಯವಾಯಿತೆಂದೇ ನನ್ನ ಅನಿಸಿಕೆ.

ಆಮೇಲೆ ಲೆಕ್ಕ ತಿರುವುಮುರುವಾಗುತ್ತದೆ. 1800ರಲ್ಲಿ ತಿಂಗಳುಗಟ್ಟಲೆ ಬಂಡಾಯಗಾರ ಧೋಂಡಿಯಾ ವಾಘನ ಬೆನ್ನುಹತ್ತಿ, ಸೆಪ್ಟೆಂಬರ್ 10ರಂದು ಕೋನಗಲ್‌ನಲ್ಲಿ ಮುಗಿಸಿದಾಗಲೂ ಆತ ಕರ್ನಲ್ಲೇ. ಲೆಫ್ಟಿನೆಂಟ್ ಕರ್ನಲ್‌ಗಿಂತ ಮೇಲಿನ ಮೆಟ್ಟಿಲು ಕೊಳ್ಳಲು ಸಿಗುತ್ತಿರಲಿಲ್ಲ, ಸರದಿ ಬರಬೇಕಿತ್ತು. ಮೇಜರ್ ಜನರಲ್ ಆದದ್ದು 1802ರಲ್ಲಿ. ಮರುವರ್ಷ ಮರಾಠರ ವಿರುದ್ಧ ಅಸ್ಸಾಯೆ ಕದನ. ಫೀಲ್ಡ್ ಮಾರ್ಷಲ್ ಪಟ್ಟ 1813ರಲ್ಲಿ, ಡ್ಯೂಕ್ ಬಿರುದು 1814ರಲ್ಲಿ. ಅಂದರೆ ಇಷ್ಟು ವರ್ಷ ನಾನು ಹದಿನೈದು ವರ್ಷ ಮೊದಲೇ ಆತನನ್ನು ಡ್ಯೂಕ್ ಮಾಡಿದ್ದೆ. ಈಗ ಯಾವ ಇಸವಿಯ ಮಾತೋ ಆ ಇಸವಿಯ ಹುದ್ದೆಯನ್ನೇ ಹೇಳುತ್ತೇನೆ.

ಇದರಿಂದ ದರಿಯಾ ದೌಲತ್‌ನಲ್ಲಿ ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ಬಸ್ಸಿನ ಚಾಲಕರು ಹಾರ್ನ್ ಹೊಡೆಯತೊಡಗಿದರೆ ವಾಟರ್ಲೂವನ್ನು ಬಿಟ್ಟುಬಿಡುತ್ತೇನೆ; ಬೇರ್ಡ್‌ನನ್ನು ಬಿಡುವುದಿಲ್ಲ.