ಎಂಟು ಕೋರ್ ಇದ್ದರೂ ರೆಂಡರ್ ಮುಗಿಯದಾಗ

ಹಾಸನಾಂಬೆಯ ಬಾಗಿಲು ತೆಗೆಯಲು ಆರು ದಿನ ಬಾಕಿ. ಬಿ.ಎಂ. ರಸ್ತೆಯ ಒಂದು ಬಟ್ಟೆ ಅಂಗಡಿಗೆ ಎಲ್‌ಇಡಿ ಪರದೆಯ ಜಾಹೀರಾತು ಒಪ್ಪಿಕೊಂಡಿದ್ದೆ. 40 ಸೆಕೆಂಡು, 4ಕೆ, ಸೆಕೆಂಡಿಗೆ 25 ಫ್ರೇಮ್. ಅಂದರೆ 1000 ಫ್ರೇಮ್. ಅಷ್ಟು ಚಿತ್ರವನ್ನೂ ಕಂಪ್ಯೂಟರ್ ಲೆಕ್ಕ ಹಾಕಿ ತಯಾರಿಸಬೇಕು, ಅದೇ ರೆಂಡರ್. "ದರ್ಶನಕ್ಕೆ ಜನ ಬರೋದು ಆ ಕೆಲವೇ ದಿನ ಅಲ್ವಾ, ತಡ ಮಾಡ್ಬೇಡಿ" ಎಂದಿದ್ದರು ಅಂಗಡಿಯವರು.

ನನ್ನದು 8 ಕೋರ್ (ಪ್ರೊಸೆಸರ್ ಒಳಗೆ ಕೆಲಸ ಮಾಡುವ ಘಟಕ), 16 ಜಿಬಿ ರ‍್ಯಾಮ್ ಇರುವ ಕಂಪ್ಯೂಟರ್. ವಿಡಿಯೊಗೆ ಎಫೆಕ್ಟ್ ಸೇರಿಸುವ ಸಾಫ್ಟ್‌ವೇರ್ ಆಫ್ಟರ್ ಎಫೆಕ್ಟ್ಸ್‌ನಲ್ಲಿ ಮಲ್ಟಿ-ಫ್ರೇಮ್ ರೆಂಡರಿಂಗ್ ಆನ್ ಇತ್ತು. 2021ರ ಅಕ್ಟೋಬರ್‌ನಲ್ಲಿ 22.0 ಆವೃತ್ತಿಯ ಜೊತೆ ಬಂದ ಸೌಲಭ್ಯ ಇದು. ಹಲವು ಫ್ರೇಮ್‌ಗಳನ್ನು ಕೋರ್‌ಗಳಿಗೆ ಹಂಚಿ ಒಟ್ಟಿಗೆ ಮಾಡಿಸುತ್ತದೆ. ಮೊದಲ 300 ಫ್ರೇಮ್ ಸರಾಗವಾಗಿ ಹೋದವು. ಆಮೇಲೆ ತೆವಳತೊಡಗಿತು, ಕೊನೆಗೆ ಮೆಮೊರಿ ಸಾಲದು ಎಂದು ನಿಂತೇ ಹೋಯಿತು. ಆಗಿದ್ದ ಫ್ರೇಮ್‌ಗಳಲ್ಲೂ ಅಲ್ಲಲ್ಲಿ ಜಾಹೀರಾತಿನಲ್ಲಿದ್ದ ದೀಪಗಳ ಹೊಳಪು ಮಾಯ.

ಎರಡೂ ಒಂದೇ ಕಾಯಿಲೆ ಅಂದುಕೊಂಡು ಎರಡು ದಿನ ಕಳೆದೆ. ಕ್ಯಾಶ್ ಖಾಲಿ ಮಾಡಿದೆ, ಡ್ರೈವರ್ ಹೊಸದು ಹಾಕಿದೆ, ಸಾಫ್ಟ್‌ವೇರನ್ನೇ ತೆಗೆದು ಮತ್ತೆ ಹಾಕಿದೆ. ಏನೂ ಬದಲಾಗಲಿಲ್ಲ.

ಮೂರನೇ ದಿನ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಂಡು ಕೂತೆ. ಸಿಪಿಯು 30% ಕೂಡ ದಾಟುತ್ತಿಲ್ಲ. ಮೆಮೊರಿ 97%, ಡಿಸ್ಕ್ 100%. ಕೋರ್‌ಗಳು ಕೆಲಸ ಮಾಡದೆ ರ‍್ಯಾಮ್‌ಗಾಗಿ ಕಾಯುತ್ತಿದ್ದವು! ಪ್ರಾಜೆಕ್ಟನ್ನು ನಾನು ಸುಮ್ನೆ 32 ಬಿಟ್ ಬಣ್ಣದಲ್ಲಿ ಇಟ್ಟಿದ್ದೆ. 4ಕೆಯ ಒಂದೇ ಚಿತ್ರ ಅದರಲ್ಲಿ ಸುಮಾರು 130 ಎಂಬಿ ತಿನ್ನುತ್ತದೆ. ಒಂದು ಫ್ರೇಮ್ ಕಟ್ಟಲು ಅಂಥ ಹಲವು ಚಿತ್ರ ಮೆಮೊರಿಯಲ್ಲಿ ಇರಬೇಕು. ಅಂಥ ಫ್ರೇಮ್‌ಗಳು ಹಲವು ಒಟ್ಟಿಗೆ ನಡೆದರೆ 16 ಜಿಬಿ ಎಲ್ಲಿ ಸಾಕು?

ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ 16 ಬಿಟ್ ಮಾಡಿದೆ. ಅಷ್ಟಕ್ಕೇ ಹೊರೆ ಅರ್ಧ. ಆಮೇಲೆ ಪ್ರಿಫರೆನ್ಸಸ್‌ನ ಮೆಮೊರಿ ಅಂಡ್ ಪರ್ಫಾರ್ಮೆನ್ಸ್‌ಗೆ ಹೋದೆ. ಬೇರೆ ಪ್ರೋಗ್ರಾಂಗಳಿಗೆ ಮೀಸಲಿಡುವ ಸಿಪಿಯು ಪಾಲು ಅಲ್ಲಿ 10% ಇತ್ತು, 50%ಗೆ ಏರಿಸಿದೆ. ಪಾಲು ಹೆಚ್ಚಿದಷ್ಟೂ ಒಟ್ಟಿಗೆ ನಡೆಯುವ ಫ್ರೇಮ್ ಕಡಿಮೆ. ಉಸಿರುಗಟ್ಟುತ್ತಿದ್ದ 300ರಿಂದ 400ರ ಭಾಗವನ್ನಷ್ಟೇ ಓಡಿಸಿ ನೋಡಿದೆ. ಮೊದಲು 31 ನಿಮಿಷ ಹಿಡಿದಿದ್ದು 14 ನಿಮಿಷದಲ್ಲಿ ಮುಗಿಯಿತು. ಕೋರ್ ಕಡಿಮೆ ಕೊಟ್ಟರೂ ಕೆಲಸ ಬೇಗ ಆಯಿತು. ಕಣ್ಣಾರೆ ನೋಡದಿದ್ದರೆ ನಾನೂ ನಂಬುತ್ತಿರಲಿಲ್ಲ.

ಹೊಳಪು ಮಾತ್ರ ಇನ್ನೂ ಮಾಯವಾಗುತ್ತಲೇ ಇತ್ತು. ಮಲ್ಟಿ-ಫ್ರೇಮ್ ಆಫ್ ಮಾಡಿ ಅದೇ 100 ಫ್ರೇಮ್ ತೆಗೆದೆ. ನಿಧಾನ, ಆದರೆ ಒಂದೂ ಕೆಟ್ಟಿಲ್ಲ. ಅಲ್ಲಿಗೆ ಇದು ರ‍್ಯಾಮ್ ತಕರಾರಲ್ಲ ಎಂದು ಗೊತ್ತಾಯಿತು. ಮತ್ತೆ ಆನ್ ಮಾಡಿ ಅರ್ಧ ಲೇಯರ್ (ಚಿತ್ರದ ಪದರ) ಮುಚ್ಚಿ ನೋಡುವುದು, ಉಳಿದದ್ದರಲ್ಲಿ ಮತ್ತೆ ಅರ್ಧ ಮುಚ್ಚುವುದು, ಹೀಗೆ ಹುಡುಕಿದೆ. ಐದನೇ ಸುತ್ತಿಗೆ ಸಿಕ್ಕಿತು: ದೀಪಗಳಿಗೆ ಹಾಕಿದ್ದ ಹಳೆಯ ಗ್ಲೋ ಪ್ಲಗಿನ್, ಅಂದರೆ ಹೊಳಪು ಕೊಡುವ ಸೇರ್ಪಡೆ ಸಾಫ್ಟ್‌ವೇರ್. ಒಟ್ಟಿಗೆ ಹಲವು ಫ್ರೇಮ್ ಮಾಡುವುದು ಅದಕ್ಕೆ ಒಗ್ಗುತ್ತಿರಲಿಲ್ಲ.

ಅದನ್ನು ಬಿಡಲು ಮನಸ್ಸಾಗಲಿಲ್ಲ, ಆ ಬೆಳಕು ಅಷ್ಟು ಚೆನ್ನಾಗಿತ್ತು. ಹಾಗಾಗಿ ಮಲ್ಟಿ-ಫ್ರೇಮ್ ಆಫ್ ಮಾಡಿ ದೀಪದ ಲೇಯರನ್ನಷ್ಟೇ ಆಲ್ಫಾ (ಪಾರದರ್ಶಕ ಭಾಗದ ಮಾಹಿತಿ) ಸಮೇತ ಪಿಎನ್‌ಜಿ ಸರಣಿಯಾಗಿ ತೆಗೆದೆ. ಅದನ್ನೇ ಲೇಯರ್ ಜಾಗಕ್ಕೆ ತಂದಿಟ್ಟು, ಮಲ್ಟಿ-ಫ್ರೇಮ್ ಮತ್ತೆ ಆನ್ ಮಾಡಿ ಉಳಿದದ್ದನ್ನು ಓಡಿಸಿದೆ.

ಪೂರ್ತಿ ರೆಂಡರನ್ನೂ ನೇರ ಎಂಪಿ4 ಮಾಡದೆ ಚಿತ್ರಗಳ ಸರಣಿಯಾಗಿಯೇ ತೆಗೆದೆ. ನಮ್ಮಲ್ಲಿ ಮಳೆ ಬಂದರೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ರೆಂಡರ್ ಸೆಟ್ಟಿಂಗ್ಸ್‌ನಲ್ಲಿ ಸ್ಕಿಪ್ ಎಕ್ಸಿಸ್ಟಿಂಗ್ ಫೈಲ್ಸ್ ಟಿಕ್ ಮಾಡಿದರೆ ಆಗಲೇ ಇರುವ ಫ್ರೇಮ್ ಬಿಟ್ಟು ನಿಂತಲ್ಲಿಂದ ಮುಂದುವರಿಯುತ್ತದೆ. ಕೆಟ್ಟ ಫ್ರೇಮ್ ಅಳಿಸಿ ಮತ್ತೆ ಓಡಿಸಿದರೆ ಅವಷ್ಟೇ ಹೊಸದಾಗಿ ಬರುತ್ತವೆ. ಆ ರಾತ್ರಿ ಕರೆಂಟ್ ಎರಡು ಸಲ ಹೋಯಿತು. ಬೆಳಗ್ಗೆ ನೋಡಿದಾಗ ಅರ್ಧಂಬರ್ಧ ಬರೆದಿದ್ದ ಎಂಟು ಫ್ರೇಮ್ ಅಳಿಸಿ ಮತ್ತೆ ಮಾಡಬೇಕಾಯಿತು, ಅಷ್ಟೇ.

ಅಂಗಡಿಯವರು ಕೊಟ್ಟ ದುಡ್ಡಿನಲ್ಲಿ ಮೊದಲು ತಂದದ್ದು ಇನ್ನೊಂದು 16 ಜಿಬಿ ರ‍್ಯಾಮ್. ಈಗ ಆ ಸಿಪಿಯು ಮೀಸಲು 20%ಗೆ ಇಳಿದಿದೆ. ಗ್ಲೋ ಲೇಯರನ್ನು ಮಾತ್ರ ಇವತ್ತಿಗೂ ಬೇರೆಯಾಗಿಯೇ ತೆಗೆಯುತ್ತೇನೆ.