ರೇಸ್ ಓಡಿದ ಕುದುರೆಗೆ ನಿಧಾನ ಕಲಿಸಿದ್ದು

ನಾನು ಪಳಗಿಸಿದ ಈ ಹೆಣ್ಣು ಕುದುರೆ ಬೆಂಗಳೂರಿನಲ್ಲಿ ರೇಸ್ ಓಡಿ ಬಂದ ಥರೋಬ್ರೆಡ್, ಅಂದರೆ ರೇಸಿಗೆಂದೇ ಬೆಳೆಸಿದ ತಳಿ. ನಡಿಗೆಯಲ್ಲಿ ಚೆನ್ನಾಗಿಯೇ ಇರುತ್ತಿದ್ದಳು. ಟ್ರಾಟ್, ಅಂದರೆ ನಡಿಗೆಗಿಂತ ಜೋರಾದ ಕುಲುಕು ಓಟ, ಶುರುವಾದರೆ ಹೆಜ್ಜೆ ಹೆಜ್ಜೆಗೂ ವೇಗ ಏರುತ್ತಿತ್ತು. ಲಗಾಮು ಎಳೆದಷ್ಟೂ ಜಾಸ್ತಿ. ನೋಡಿದವರೆಲ್ಲ ಹಟಮಾರಿ ಅಂದರು. ನನಗೆ ಹಾಗನ್ನಿಸಲಿಲ್ಲ. ರೇಸಿನ ಕುದುರೆ ಬಿಗಿ ಲಗಾಮಿನಲ್ಲಿ, ಬಾಯಿಯ ಕಡಿವಾಣದ ಮೇಲೆ ಭಾರ ಹಾಕಿಯೇ ಓಡಿ ಬೆಳೆದಿರುತ್ತದೆ. ಎಳೆದರೆ ಓಡಬೇಕು ಅಂತಲೇ ಅದಕ್ಕೆ ಗೊತ್ತಿರುವುದು.

ಸವಾರಿಗೆ ಮೊದಲು ಪಶುವೈದ್ಯರಿಂದ ಹಲ್ಲು, ಬೆನ್ನು ನೋಡಿಸಿದೆ. ಜೀನು ಎಲ್ಲಾದರೂ ಒತ್ತುತ್ತಿದೆಯೇ ಅಂತ ಪರೀಕ್ಷಿಸಿದೆ. ನೋವು ತಪ್ಪಿಸಿಕೊಳ್ಳಲು ಓಡುವ ಕುದುರೆಗೆ ಯಾವ ಪಾಠವೂ ಹತ್ತುವುದಿಲ್ಲ. ಓಟ್ಸ್ ಕಡಿಮೆ ಮಾಡಿ ಹುಲ್ಲು ಹೆಚ್ಚಿಸಿದೆ, ದಿನಾ ಬಯಲಲ್ಲಿ ಬಿಟ್ಟೆ. ದಿನವಿಡೀ ಲಾಯದಲ್ಲಿ ಕಟ್ಟಿಹಾಕಿ, ಹೊಟ್ಟೆ ತುಂಬ ಕಾಳು ತಿನ್ನಿಸಿ, ಬೆನ್ನೇರಿದ ಮೇಲೆ ಶಾಂತವಾಗಿರು ಅಂದರೆ ಅನ್ಯಾಯ ಅಲ್ವಾ?

ಆಮೇಲೆ ವೃತ್ತದ ಕೆಲಸ. ಸುಮಾರು 20 ಮೀಟರ್ ಅಗಲದ ವೃತ್ತದಲ್ಲಿ ಟ್ರಾಟ್. ಮೈ ಬಾಗಿಸಿಕೊಂಡು ಧಾವಿಸುವುದು ಕಷ್ಟ, ಹಾಗಾಗಿ ವೇಗ ತಾನಾಗಿಯೇ ಇಳಿಯುತ್ತದೆ. ಅವಸರ ಮಾಡಿದರೆ ವೃತ್ತವನ್ನು ಸ್ವಲ್ಪ ಚಿಕ್ಕದು ಮಾಡುತ್ತಿದ್ದೆ, ಇಳಿದ ಕೂಡಲೇ ಮತ್ತೆ ಅಗಲ. ತೀರಾ ಚಿಕ್ಕದಾದರೆ ಕಾಲಿಗೆ ಪೆಟ್ಟು. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ.

ನಿಜವಾಗಿ ಕೈಹಿಡಿದದ್ದು ನನ್ನ ಏಳು-ಕೂರು. ಟ್ರಾಟ್‌ನಲ್ಲಿ ಎರಡೇ ತಾಳ. ಎದುರು-ಬದುರು ಮೂಲೆಯ ಕಾಲುಗಳು ಜೋಡಿಯಾಗಿ ನೆಲ ಮುಟ್ಟುತ್ತವೆ, ಸವಾರ ಒಂದಕ್ಕೆ ಏಳುತ್ತಾನೆ, ಇನ್ನೊಂದಕ್ಕೆ ಕೂರುತ್ತಾನೆ. ಅವಳ ತಾಳಕ್ಕೆ ನಾನು ಏಳುವುದನ್ನು ಬಿಟ್ಟೆ. ನನಗೆ ಬೇಕಾದ ತಾಳವನ್ನು ಗಟ್ಟಿಯಾಗಿ ಎಣಿಸುತ್ತ, ಮೇಲೆ ಒಂದು ಚೂರು ಹೆಚ್ಚು ತಡೆದು, ಮೆತ್ತಗೆ ಕೂರುತ್ತಿದ್ದೆ. ಬೆನ್ನ ಮೇಲಿನ ಭಾರ ನಿಧಾನವಾದರೆ ಕುದುರೆಯೂ ಅದಕ್ಕೆ ಹೊಂದಿಕೊಳ್ಳುತ್ತದೆ. ಲಗಾಮಿನಲ್ಲಿ ಒಂದು ಹೆಜ್ಜೆಯಷ್ಟು ಹೊತ್ತು ಮುಷ್ಟಿ ಬಿಗಿ, ಆಮೇಲೆ ಸಡಿಲ. ಹಿಡಿದೇ ಇದ್ದರೆ ಅವಳಿಗೆ ಒರಗಲು ಗೋಡೆ ಸಿಕ್ಕ ಹಾಗೆ. ವೇಗ ಇಳಿಯುವ ಮನಸ್ಸು ಮಾಡಿದ ಕ್ಷಣವೇ ಸಡಿಲ ಬಿಡಬೇಕು, ಪೂರ್ತಿ ಇಳಿಯುವ ತನಕ ಕಾಯಬಾರದು. ಕುದುರೆ ಕಲಿಯುವುದು ಆ ಸಡಿಲದಿಂದ.

ನಡುನಡುವೆ ಹತ್ತಾರು ಹೆಜ್ಜೆ ಟ್ರಾಟ್, ಮತ್ತೆ ನಡಿಗೆ. ಹೀಗೆ ಮಾಡುತ್ತ ಹೋದಂತೆ ಮುಂದೇನು ಹೇಳುತ್ತಾರೋ ಅಂತ ಅವಳ ಕಿವಿ ನನ್ನ ಕಡೆ ತಿರುಗತೊಡಗಿತು. ನನಗೆ ಅಂಥ ಖುಷಿ ಬೇರೆ ಯಾವುದರಲ್ಲೂ ಸಿಕ್ಕಿಲ್ಲ. ನೆಲದ ಮೇಲೆ ಸುಮಾರು 1.3 ಮೀಟರ್ ಅಂತರದಲ್ಲಿ ಗಳುಗಳನ್ನಿಟ್ಟು ದಾಟಿಸಿದ್ದರಿಂದ ಹೆಜ್ಜೆಯ ಅಳತೆಯೂ ಕೂಡಿಬಂತು.

ಹೊರಗಿನ ದಾರಿಯಲ್ಲಿ ಲಾಯದ ಕಡೆ ಮುಖ ಮಾಡಿದಾಗ ಹಳೆ ಚಾಳಿ ಬೇಗ ಎದ್ದೇಳುತ್ತದೆ. ಅದಕ್ಕೆ ವಾಪಸ್ ಬರುವಾಗ ನಡಿಗೆ ಮಾತ್ರ. ಅವಸರಿಸಿದರೆ ಬೈಗುಳ ಇಲ್ಲ, ಹೊಡೆತ ಇಲ್ಲ, ಸುಮ್ನೆ ತಿರುಗಿಸಿ ಸ್ವಲ್ಪ ದೂರ ಉಲ್ಟಾ ಕರೆದೊಯ್ಯುತ್ತೇನೆ. ಈಗ ಹೊಸ ಸವಾರರನ್ನೂ ಅವಳ ಮೇಲೆ ಕೂರಿಸುತ್ತೇನೆ. ಜೋರು ಗಾಳಿಯ ದಿನ ಮಾತ್ರ ಮೊದಲು ನಾನೇ ಹತ್ತಿ ವೃತ್ತ ಹಾಕಿಸುತ್ತೇನೆ.