ಹನ್ನೆರಡು ಹುಣಸೆಬೀಜ, ಮೂರು ತೂಕ

ತಿಪಟೂರಿನಲ್ಲಿ ನಮ್ಮಪ್ಪನದು ಸಣ್ಣ ದಿನಸಿ ಅಂಗಡಿ. ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಎರಡು ತಟ್ಟೆಯ ತಕ್ಕಡಿ ಇರುತ್ತಿತ್ತು. ನಾನು ಫಸ್ಟ್ ಪಿಯುಸಿಯಲ್ಲಿದ್ದಾಗ ಜೊತೆಯ ಹುಡುಗನೊಬ್ಬ ಒಂದು ಲೆಕ್ಕ ಕೊಟ್ಟ. "ಅಂಗಡಿಯವರ ಮಗ ನೀನು, ತಕ್ಕಡಿ ಲೆಕ್ಕ ಬರದಿದ್ರೆ ಹೇಗೋ" ಅಂತ ಕೆಣಕಿದ್ದೂ ಆಯಿತು.

ಲೆಕ್ಕ ಇದು. 12 ನಾಣ್ಯಗಳಿವೆ. ನೋಡೋಕೆ ಎಲ್ಲ ಒಂದೇ ಥರ. ಅದರಲ್ಲಿ ಒಂದು ಖೋಟಾ. ಅದರ ತೂಕ ಮಾತ್ರ ಬೇರೆ, ಆದರೆ ಜಾಸ್ತಿಯೋ ಕಮ್ಮಿಯೋ ಗೊತ್ತಿಲ್ಲ. ತಕ್ಕಡಿ ಇದೆ, ತೂಕದ ಕಲ್ಲುಗಳಿಲ್ಲ. ಮೂರೇ ಸಲ ತೂಗಿ ಖೋಟಾ ಯಾವುದು, ಅದು ಭಾರವೋ ಹಗುರವೋ ಎರಡನ್ನೂ ಹೇಳಬೇಕು.

ಈ ಲೆಕ್ಕ ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಬಹಳ ಜನರ ತಲೆ ತಿಂದಿತ್ತು. ಮುಂದೆ ಭೌತವಿಜ್ಞಾನಿಯಾಗಿ ದೊಡ್ಡ ಹೆಸರು ಮಾಡಿದ ಫ್ರೀಮನ್ ಡೈಸನ್ 1946ರಲ್ಲಿ ಇದರ ಮೇಲೆ ಒಂದು ಪುಟ್ಟ ಬರಹವನ್ನೇ ಬರೆದರು. ನನಗೆ ಆಗ ಇದೇನೂ ಗೊತ್ತಿರಲಿಲ್ಲ. ಸಂಜೆಯೊಳಗೆ ಬಿಡಿಸಿಬಿಡ್ತೀನಿ ಅಂದುಕೊಂಡೆ. ಹೆಚ್ಚುಕಮ್ಮಿ ಮೂರು ವಾರ ಹಿಡಿಯಿತು.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಆ ಕಡೆ 6, ಈ ಕಡೆ 6. ಒಂದು ತಟ್ಟೆ ಕೆಳಗೆ ಹೋಯಿತು ಅನ್ನಿ. ಆಮೇಲೆ? ಕೆಳಗೆ ಹೋದ ಆರರಲ್ಲಿ ಒಂದು ಭಾರ ಇರಬಹುದು, ಇಲ್ಲಾ ಮೇಲೆ ಹೋದ ಆರರಲ್ಲಿ ಒಂದು ಹಗುರ ಇರಬಹುದು. ಒಂದು ತೂಕ ಮುಗಿದರೂ ಅನುಮಾನದಿಂದ ಒಂದು ನಾಣ್ಯವೂ ಪಾರಾಗಿಲ್ಲ. ಆದರೂ ನಾನು ಎರಡು ದಿನ ಆ ಆರು-ಆರನ್ನೇ ಹಿಡಿದು ಜಗ್ಗಾಡಿದೆ.

ಆಮೇಲೆ ನಿಜವಾದ ತಕ್ಕಡಿಯಲ್ಲೇ ನೋಡೋಣ ಅನ್ನಿಸಿತು. 12 ಖಾಲಿ ಬೆಂಕಿಪೊಟ್ಟಣ ಸೇರಿಸಿ ಮರಳು ತುಂಬಿದೆ. ಒಂದಕ್ಕೆ ಮಾತ್ರ ಒಂದು ಚಿಟಿಕೆ ಜಾಸ್ತಿ. ಕೈಯಲ್ಲಿ ತುಂಬಿದ ಮರಳು ಸಮ ಬಂದೀತಾ? ತೂಗಿ ನೋಡಿದರೆ ಒಂದು ಖೋಟಾ ಇರಬೇಕಾದಲ್ಲಿ ಐದಾರು ಖೋಟಾ. ಜೊತೆಗೆ ತಟ್ಟೆ ತುಂಬ ಮರಳು. ಅಪ್ಪ ಬಂದು ಬೈದರು. ಅವರು ಹೊಸ ಗಿರಾಕಿ ಬಂದಾಗೆಲ್ಲ ಖಾಲಿ ತಕ್ಕಡಿಯ ಮುಳ್ಳು ನೆಟ್ಟಗಿದೆಯಾ ಅಂತ ನೋಡಿಯೇ ತೂಗುವವರು.

ಹಾಗಾಗಿ ಹುಣಸೆಬೀಜಕ್ಕೆ ಇಳಿದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ವೃತ್ತ ಬರೆದರೆ ಎರಡು ತಟ್ಟೆ ಸಿದ್ಧ. ಯಾವ ತಟ್ಟೆ ಕೆಳಗೆ ಹೋಯಿತು ಅಂತ ಹೇಳೋಕೆ ಮಾತ್ರ ಇನ್ನೊಬ್ಬರು ಬೇಕು. ಅಕ್ಕನನ್ನು ಕೂರಿಸಿಕೊಂಡೆ. ಅವಳು ಮನಸ್ಸಿನಲ್ಲಿ ಒಂದು ಬೀಜವನ್ನು ಖೋಟಾ ಅಂತ ಅಂದುಕೊಳ್ಳಬೇಕು, ನಾನು ತೂಗಿದಾಗ "ಎಡ", "ಬಲ", "ಸಮ" ಅನ್ನಬೇಕು. ನಿಯಮ ಇಷ್ಟೇ.

ಹತ್ತು ಆಟ ಆಡಿದೆವು. ಹತ್ತರಲ್ಲೂ ನಾನು ಸೋತೆ. ಅದೃಷ್ಟದ ಮೇಲಾದರೂ ಒಂದಾದರೂ ಗೆಲ್ಲಬೇಕಿತ್ತಲ್ವಾ? ಅನುಮಾನ ಬಂದು ಕೇಳಿದರೆ ನಕ್ಕಳು. "ನಾನು ಯಾವ ಬೀಜಾನೂ ಅಂದ್ಕೊಂಡೇ ಇಲ್ಲ ಕಣೋ. ನೀನು ತೂಗಿದಾಗ ಯಾವ ಉತ್ತರ ಕೊಟ್ರೆ ನಿಂಗೆ ಕಷ್ಟ ಆಗುತ್ತೋ ಅದನ್ನ ಹೇಳ್ತೀನಿ, ಅಷ್ಟೇ."

ಸಿಟ್ಟು ಬಂದು ಬೀಜ ಚೆಲ್ಲಿ ಎದ್ದುಹೋದೆ. ಆದರೆ ರಾತ್ರಿ ಮಲಗಿದಾಗ ಅದೇ ಮಾತು ತಲೆಯಲ್ಲಿ ಸುತ್ತಿತು. ಅವಳು ಸುಳ್ಳು ಹೇಳಿರಲಿಲ್ಲ. ಅವಳು ಕೊಟ್ಟ ಮೂರು ಉತ್ತರಕ್ಕೂ ಹೊಂದುವ ಬೀಜ ಪ್ರತಿ ಸಲವೂ ಒಂದಕ್ಕಿಂತ ಹೆಚ್ಚೇ ಉಳಿದಿರುತ್ತಿತ್ತು. ಅಂದಮೇಲೆ ತಪ್ಪು ನನ್ನ ತೂಗುವ ರೀತಿಯಲ್ಲೇ ಇತ್ತು. ಈ ಮೋಸದ ತಕ್ಕಡಿಯನ್ನು ಗೆದ್ದರೆ ಯಾವ ತಕ್ಕಡಿಯನ್ನಾದರೂ ಗೆಲ್ಲಬಹುದು. ಈಗಲೂ ಯಾವ ಒಗಟು ಹಿಡಿದರೂ ಎದುರಿಗೆ ಅಕ್ಕನನ್ನು ಕೂರಿಸಿಕೊಳ್ಳುತ್ತೇನೆ. ಅವಳು ಶಿವಮೊಗ್ಗದಲ್ಲಿದ್ದಾಳೆ, ಅದು ಬೇರೆ ಮಾತು.

ಅವಳು ಹೇಗೆ ಮೋಸ ಮಾಡುತ್ತಾಳೆ ಅಂತ ಯೋಚಿಸುತ್ತಾ ಹೋದಾಗಲೇ ಎಣಿಕೆ ಸಿಕ್ಕಿದ್ದು. ಒಟ್ಟು ಎಷ್ಟು ಉತ್ತರ ಇರಬಹುದು? 12 ನಾಣ್ಯ, ಒಂದೊಂದೂ ಭಾರ ಇರಬಹುದು ಅಥವಾ ಹಗುರ. ಒಟ್ಟು 24. ತಕ್ಕಡಿಗೆ ಬರುವುದು ಮೂರೇ ಮಾತು: ಎಡ, ಬಲ, ಸಮ. ಮೂರು ಸಲ ತೂಗಿದರೆ 3×3×3, ಅಂದರೆ 27 ಥರದ ಫಲಿತಾಂಶ. 24ಕ್ಕೆ 27 ಸಾಕು. ಆದರೆ ಕೈಯಲ್ಲಿ ಉಳಿಯುವುದು ಮೂರೇ ಮೂರು. ಪೋಲು ಮಾಡೋಕೆ ಜಾಗವೇ ಇಲ್ಲ.

ಆರು-ಆರು ಇಟ್ಟಾಗ ನಾನು ಪೋಲು ಮಾಡಿದ್ದು ಇಲ್ಲೇ. ಒಂದು ನಾಣ್ಯ ಖೋಟಾ ಅಂತ ಮೊದಲೇ ಗೊತ್ತು. ಹಾಗಿದ್ದಮೇಲೆ ಆರು-ಆರರಲ್ಲಿ "ಸಮ" ಬರುವ ಹಾಗೇ ಇಲ್ಲ. ತಕ್ಕಡಿಗೆ ಗೊತ್ತಿರುವ ಮೂರು ಮಾತಿನಲ್ಲಿ ಒಂದನ್ನು ನಾನೇ ಬಾಯಿ ಮುಚ್ಚಿಸಿದ್ದೆ.

ಸರಿ, ಮೊದಲ ತೂಕದಲ್ಲಿ ಎಷ್ಟೆಷ್ಟು ಇಡಬೇಕು? ಅದು ಆದಮೇಲೆ ಉಳಿಯುವುದು ಎರಡು ತೂಕ, ಅಂದರೆ 9 ಫಲಿತಾಂಶ. ಹಾಗಾಗಿ ಮೊದಲ ತೂಕದ ಉತ್ತರ ಏನೇ ಬಂದರೂ ಉಳಿಯುವ ಅನುಮಾನ ಒಂಬತ್ತನ್ನು ದಾಟಬಾರದು. ಐದು-ಐದು ಇಟ್ಟು ವಾಲಿದರೆ ಉಳಿಯುವುದು 10. ಆಗಲ್ಲ. ಮೂರು-ಮೂರು ಇಟ್ಟು ಸಮ ಬಂದರೆ ಹೊರಗಿರುವ ಆರು ನಾಣ್ಯಕ್ಕೆ 12 ಅನುಮಾನ. ಅದೂ ಆಗಲ್ಲ. ನಾಲ್ಕು-ನಾಲ್ಕು ಇಟ್ಟರೆ? ಸಮ ಬಂದರೂ 8, ವಾಲಿದರೂ 8. ಬೇರೆ ದಾರಿಯೇ ಇಲ್ಲ, ನಾಲ್ಕು-ನಾಲ್ಕೇ ಆಗಬೇಕು. ಇದು ಹೊಳೆದಾಗ ರಾತ್ರಿ ಎಷ್ಟು ಹೊತ್ತಾಗಿತ್ತೋ ಗೊತ್ತಿಲ್ಲ, ಎದ್ದು ಲೈಟ್ ಹಾಕಿ ಬೈಸಿಕೊಂಡದ್ದು ಮಾತ್ರ ನೆನಪಿದೆ.

ಸಮ ಬಂದರೆ ಮುಂದಿನದು ಸುಲಭ. ಹೊರಗಿರುವ ನಾಲ್ಕರಲ್ಲಿ ಮೂರನ್ನು ಒಂದು ತಟ್ಟೆಗೆ ಹಾಕಿ, ಎದುರಿಗೆ ಈಗಾಗಲೇ ಪಾರಾದ ಮೂರು ಒಳ್ಳೆಯ ನಾಣ್ಯ ಇಡಿ. ವಾಲಿದರೆ ಆ ಮೂರರಲ್ಲಿ ಒಂದು ಖೋಟಾ, ಭಾರವೋ ಹಗುರವೋ ಅದೂ ಗೊತ್ತಾಯಿತು. ಅವುಗಳಲ್ಲಿ ಎರಡನ್ನು ಎದುರುಬದುರು ಇಟ್ಟರೆ ಮುಗಿಯಿತು. ಸಮ ಬಂದರೆ ನಾಲ್ಕನೆಯದೇ ಖೋಟಾ. ಅದನ್ನು ಒಂದು ಒಳ್ಳೆಯ ನಾಣ್ಯದ ಎದುರು ಇಟ್ಟು ಭಾರವೋ ಹಗುರವೋ ನೋಡಿದರಾಯಿತು.

ನಾಲ್ಕು-ನಾಲ್ಕು ವಾಲಿದಾಗಲೇ ಪೇಚಾಟ. ಇಲ್ಲಿ ನಾನು ಒಂದು ವಾರ ನಿಂತೆ. ಎಂಟೂ ಹುಣಸೆಬೀಜಗಳೇ ಆದ್ದರಿಂದ ಯಾವುದು ಯಾವ ಕಡೆ ಇತ್ತು ಅನ್ನೋದೇ ಮರೆತುಹೋಗುತ್ತಿತ್ತು. ಕೊನೆಗೆ ಅಂಗಡಿಯ ಡಬ್ಬಗಳಿಗೇ ಕೈ ಹಾಕಿದೆ. ಕೆಳಗೆ ಹೋದ ನಾಲ್ಕು, ಅಂದರೆ ಭಾರದ ಅನುಮಾನ ಇರುವವು, ಹುಣಸೆಬೀಜಗಳಾಗಿಯೇ ಉಳಿದವು. ಮೇಲೆ ಹೋದ ನಾಲ್ಕರ ಜಾಗಕ್ಕೆ ಕಡಲೆಕಾಳು ಇಟ್ಟೆ. ಅವಕ್ಕೆ ಹಗುರದ ಅನುಮಾನ. ಪಾರಾದವಕ್ಕೆ ಅವರೆಕಾಳು. ನನಗೆ ಕೇಳಿದರೆ ಈ ಲೆಕ್ಕದ ಅರ್ಧ ಇಲ್ಲಿಗೇ ಮುಗಿದ ಹಾಗೆ. ಗೊತ್ತಾದದ್ದನ್ನು ತಲೆಯಲ್ಲಿ ಇಟ್ಟುಕೊಳ್ಳುವ ಕೆಲಸ ಕಾಳುಗಳಿಗೆ ಹೋಯಿತು. ತಲೆ ಯೋಚನೆಗೆ ಖಾಲಿಯಾಯಿತು.

ಉಳಿದ ಅರ್ಧಕ್ಕೆ ಕಾರಣ ಅಪ್ಪ. ಅವರಿಗೆ ಗೊತ್ತಾಗದೇ ಆದದ್ದು. ಯಾರೋ 800 ಗ್ರಾಂ ಬೆಲ್ಲ ಕೇಳಿದ್ದರು. ಅಪ್ಪ ಒಂದು ತಟ್ಟೆಗೆ ಒಂದು ಕಿಲೋ ಕಲ್ಲು ಇಟ್ಟರು. ಇನ್ನೊಂದಕ್ಕೆ 200 ಗ್ರಾಂ ಕಲ್ಲು ಇಟ್ಟು, ಅದರ ಜೊತೆಗೇ ಬೆಲ್ಲ ಹಾಕಿ ತೂಗಿದರು. ಕಲ್ಲು ಒಂದೇ ಕಡೆ ಇರಬೇಕು ಅಂತ ಯಾರು ಹೇಳಿದ್ದು? ದಿನಾ ನೋಡುತ್ತಿದ್ದ ಕೆಲಸ. ಅವತ್ತು ಕಣ್ಣಿಗೆ ಬಿತ್ತು.

ನಾನು ಅಲ್ಲಿಯವರೆಗೆ ಹುಣಸೆಬೀಜದ ಎದುರು ಹುಣಸೆಬೀಜ, ಕಡಲೆಯ ಎದುರು ಕಡಲೆ ಮಾತ್ರ ಇಡುತ್ತಿದ್ದೆ. ಬೆರೆಸಿದರೆ? ಎಡಕ್ಕೆ ಎರಡು ಹುಣಸೆಬೀಜ, ಒಂದು ಕಡಲೆ. ಬಲಕ್ಕೆ ಒಂದು ಹುಣಸೆಬೀಜ, ಒಂದು ಕಡಲೆ, ಜೊತೆಗೆ ಲೆಕ್ಕ ಸಮ ಮಾಡೋಕೆ ಒಂದು ಅವರೆಕಾಳು. ಹೊರಗೆ ಒಂದು ಹುಣಸೆಬೀಜ, ಎರಡು ಕಡಲೆ. ಎಡ ಕೆಳಗೆ ಹೋದರೆ ಎಡದ ಎರಡು ಹುಣಸೆಬೀಜಗಳಲ್ಲಿ ಒಂದು ಭಾರ, ಇಲ್ಲಾ ಬಲದ ಕಡಲೆ ಹಗುರ. ಮೂರೇ ಅನುಮಾನ. ಬಲ ಕೆಳಗೆ ಹೋದರೆ ಬಲದ ಹುಣಸೆಬೀಜ, ಇಲ್ಲಾ ಎಡದ ಕಡಲೆ. ಎರಡು. ಸಮ ಬಂದರೆ ಹೊರಗಿರುವ ಮೂರು. ಮೂರು, ಎರಡು, ಮೂರು: ಒಟ್ಟು 8. ಕೊನೆಯ ತೂಕದಲ್ಲಿ ಒಂದೇ ಥರದ ಎರಡನ್ನು ಎದುರುಬದುರು ಇಟ್ಟರೆ ಸಾಕು. ವಾಲಿದರೆ ಅವೆರಡರಲ್ಲಿ ಒಂದು, ಸಮವಾದರೆ ಮೂರನೆಯದು. ಎರಡೇ ಉಳಿದಿದ್ದರೆ ಅದರಲ್ಲಿ ಒಂದನ್ನು ಅವರೆಕಾಳಿನ ಎದುರು ಇಡಿ.

ಅವತ್ತು ಸಂಜೆ ಅಕ್ಕನನ್ನು ಮತ್ತೆ ಕೂರಿಸಿದೆ. ಎಷ್ಟು ಮೋಸ ಮಾಡ್ತೀಯೋ ಮಾಡು ಅಂದೆ. ಐದು ಆಟ ಸೋತ ಮೇಲೆ ಒಲೆ ಮೇಲೆ ಹಾಲಿದೆ ಅಂತ ಎದ್ದುಹೋದಳು.

ಎರಡೂ ಕಡೆ ಕಲ್ಲು ಇಡುವ ಅಪ್ಪನ ಜಾಣತನಕ್ಕೂ ಹಳೆಯ ಒಗಟೊಂದಿದೆ ಅಂತ ಆಮೇಲೆ ಓದಿದೆ. ಫ್ರಾನ್ಸಿನ ಗಣಿತಜ್ಞ ಬಾಶೆ 1612ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಅದು ಬರುತ್ತದೆ. 1ರಿಂದ 40ರವರೆಗೆ ಎಲ್ಲ ತೂಕವನ್ನೂ ತೂಗೋಕೆ ಕನಿಷ್ಠ ಎಷ್ಟು ಕಲ್ಲು ಬೇಕು? ನಾಲ್ಕು ಸಾಕು: 1, 3, 9, 27. ಉದಾಹರಣೆಗೆ 20 ತೂಗಬೇಕಾದರೆ ಒಂದು ಕಡೆ 27 ಮತ್ತು 3, ಸಾಮಾನಿನ ಕಡೆ 9 ಮತ್ತು 1. ಇಲ್ಲೂ ಅದೇ ಮೂರು ಮಾತು. ಒಂದೊಂದು ಕಲ್ಲೂ ಎಡಕ್ಕೆ, ಬಲಕ್ಕೆ ಅಥವಾ ಹೊರಗೆ. 3×3×3×3 ಅಂದರೆ 81. ಎಲ್ಲ ಕಲ್ಲೂ ಹೊರಗಿರುವ ಒಂದನ್ನು ಬಿಟ್ಟು, ಉಳಿದ 80ರಲ್ಲಿ ಎಡ-ಬಲ ಅದಲುಬದಲಾದ ಜೋಡಿಗಳನ್ನು ಒಂದೊಂದೇ ಅಂತ ಎಣಿಸಿದರೆ 40.

ಆಮೇಲಿಂದ ನನಗೆ ಇದೇ ಚಟ. ಒಗಟು ಕೇಳಿದ ತಕ್ಷಣ ಉತ್ತರ ಹುಡುಕಲ್ಲ. ಎಷ್ಟು ಉತ್ತರ ಸಾಧ್ಯ, ಒಂದು ಪ್ರಶ್ನೆಗೆ ಎಷ್ಟು ಥರದ ಜವಾಬು ಬರುತ್ತದೆ, ಮೊದಲು ಅದನ್ನು ಎಣಿಸುತ್ತೇನೆ. ಎರಡು ಬಾಗಿಲು, ಇಬ್ಬರು ಕಾವಲುಗಾರರ ಒಗಟು ಕೇಳಿರುತ್ತೀರಿ. ಒಂದು ಬಾಗಿಲಾಚೆ ನಿಧಿ, ಇನ್ನೊಂದರಾಚೆ ಹುಲಿ. ಒಬ್ಬ ಯಾವಾಗಲೂ ನಿಜ ಹೇಳುವವನು, ಇನ್ನೊಬ್ಬ ಯಾವಾಗಲೂ ಸುಳ್ಳು. ಕೇಳೋಕೆ ಒಂದೇ ಪ್ರಶ್ನೆ. ಹೆಚ್ಚಿನವರು ಮೊದಲು ಸುಳ್ಳ ಯಾರು ಅಂತ ಪತ್ತೆ ಮಾಡೋಕೆ ಹೊರಡುತ್ತಾರೆ. ಎಣಿಸಿ ನೋಡಿ. ಸುಳ್ಳ ಯಾರು ಅನ್ನೋದಕ್ಕೆ ಎರಡು ಸಾಧ್ಯತೆ, ನಿಧಿ ಎಲ್ಲಿ ಅನ್ನೋದಕ್ಕೆ ಎರಡು. ಒಟ್ಟು ನಾಲ್ಕು. ಅವನು ತೋರಿಸುವುದು ಎರಡು ಬಾಗಿಲಲ್ಲಿ ಒಂದನ್ನು. ಎರಡು ಜವಾಬಿನಲ್ಲಿ ನಾಲ್ಕು ಸಂಗತಿ ತಿಳಿಯಲ್ಲ. ಹಾಗಾದರೆ ಒಂದನ್ನು ಬಿಡಬೇಕು. ನನಗೆ ಬೇಕಿರುವುದು ನಿಧಿ, ಸುಳ್ಳ ಯಾರಾದರೆ ನನಗೇನು? "ನಿಧಿ ಎಲ್ಲಿ ಅಂತ ಆ ಇನ್ನೊಬ್ಬನನ್ನು ಕೇಳಿದರೆ ಅವನು ಯಾವ ಬಾಗಿಲು ತೋರಿಸುತ್ತಾನೆ?" ಇಬ್ಬರಲ್ಲಿ ಯಾರನ್ನು ಕೇಳಿದರೂ ಒಂದು ಸುಳ್ಳು ನಡುವೆ ಬಂದೇ ಬರುತ್ತದೆ. ತೋರಿಸಿದ್ದನ್ನು ಬಿಟ್ಟು ಇನ್ನೊಂದು ಬಾಗಿಲು ತೆಗೆಯಿರಿ.

ಹುಲಿ, ಮೇಕೆ, ಹುಲ್ಲಿನ ಹೊರೆಯನ್ನು ದೋಣಿಯಲ್ಲಿ ದಾಟಿಸುವ ಒಗಟನ್ನೂ ಹೀಗೇ ಎಣಿಸಿದ್ದೇನೆ. ಯುರೋಪಿನಲ್ಲಿ ಇದು ಎಂಟನೇ ಶತಮಾನದ ವಿದ್ವಾಂಸ ಆಲ್ಕ್ವಿನ್ ಹೆಸರಿನಲ್ಲಿರುವ ಲೆಕ್ಕಗಳಲ್ಲಿದೆ, ತೋಳ ಮತ್ತು ಕೋಸಿನ ರೂಪದಲ್ಲಿ. ದೋಣಿಯವನೂ ಸೇರಿ ನಾಲ್ವರು, ಎರಡು ದಡ, 16 ಸ್ಥಿತಿ. ಅದರಲ್ಲಿ ಯಾರೂ ಯಾರನ್ನೂ ತಿನ್ನದವು 10. ಹತ್ತು ಚುಕ್ಕಿ ಇಟ್ಟು, ಒಂದರಿಂದ ಇನ್ನೊಂದಕ್ಕೆ ಹೋಗಲು ಆಗುವಲ್ಲಿ ಗೆರೆ ಎಳೆದರೆ ದಾರಿ ತಾನೇ ಕಾಣುತ್ತದೆ. ಏಳು ಸಲ ದಾಟಬೇಕು. ಮೇಕೆಯನ್ನು ಒಮ್ಮೆ ವಾಪಸ್ ತರಬೇಕು. ಜನ ತಪ್ಪುವುದು ಅಲ್ಲೇ, ದಾಟಿಸಿದ್ದನ್ನು ವಾಪಸ್ ತರೋಕೆ ಮನಸ್ಸು ಒಪ್ಪಲ್ಲ.

ಆದರೆ ಈ ಎಣಿಕೆಯೇ ನನಗೆ ಒಮ್ಮೆ ಕೈಕೊಟ್ಟಿತು. 12 ಆಯಿತಲ್ಲ, 13 ನಾಣ್ಯ ಆಗುತ್ತಾ? 13ಕ್ಕೆ 26 ಉತ್ತರ. ಮೂರು ತೂಕಕ್ಕೆ 27 ಫಲಿತಾಂಶ. ಆಗಲೇಬೇಕು ಅಂತ ಪಟ್ಟು ಹಿಡಿದು ಕೂತೆ. ಪುಸ್ತಕದ ಹಿಂದಿನ ಹಾಳೆಗಳೆಲ್ಲ ತುಂಬಿದವು, ಆಗಲಿಲ್ಲ. ಎಣಿಕೆ ಮಾಡಿದ್ದೆ, ಸರಿ. ಆದರೆ ಮೊದಲ ಹೆಜ್ಜೆಗೆ ಮಾಡಿ ನೋಡಿರಲಿಲ್ಲ. ನಾಲ್ಕು-ನಾಲ್ಕು ಇಟ್ಟು ಸಮ ಬಂದರೆ ಹೊರಗೆ ಐದು, 10 ಅನುಮಾನ. ಐದು-ಐದು ಇಟ್ಟು ವಾಲಿದರೂ 10. ಎರಡೂ ಒಂಬತ್ತಕ್ಕಿಂತ ಒಂದು ಜಾಸ್ತಿ. ಎರಡು ತಟ್ಟೆಯಲ್ಲೂ ಅಷ್ಟಷ್ಟೇ ನಾಣ್ಯ ಇಡಬೇಕಲ್ಲ, ಒಂಬತ್ತು ಅನ್ನೋದು ಕೈಗೆ ಸಿಗುವುದೇ ಇಲ್ಲ. 13ರಲ್ಲಿ ಖೋಟಾ ಯಾವುದು ಅಂತ ಹೇಳಬಹುದು, ಆದರೆ ಭಾರವೋ ಹಗುರವೋ ಅಂತ ಪ್ರತಿ ಸಲವೂ ಹೇಳೋಕಾಗಲ್ಲ. ಮೂರು ತೂಕಕ್ಕೆ 12, ನಾಲ್ಕಕ್ಕೆ 39, ಐದಕ್ಕೆ 120. ಡೈಸನ್ ಬರೆದದ್ದರಲ್ಲಿ ಈ ಲೆಕ್ಕ ಇದೆ ಅಂತ ಆಮೇಲೆ ಗೊತ್ತಾಯಿತು.

ಹೋದ ತಿಂಗಳು ಇದನ್ನೆಲ್ಲ ಮಗಳಿಗೆ ತೋರಿಸುತ್ತಿದ್ದೆ. ಅವಳು ಎಂಟನೇ ಕ್ಲಾಸು. ಮನೆಯಲ್ಲಿ ಈಗ ಎರಡು ತಟ್ಟೆಯ ತಕ್ಕಡಿ ಇಲ್ಲ, ಹುಣಸೆಬೀಜ ಮಾತ್ರ ಇದೆ. 13ರ ಕಥೆ ಮುಗಿಸಿ, ಅದಕ್ಕೇ ಆಗಲ್ಲ ನೋಡು ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ನೆ ನೋಡಿದಳು.

"ಅಪ್ಪ, ಒಳ್ಳೇದು ಅಂತ ಮೊದ್ಲೇ ಗೊತ್ತಿರೋ ಒಂದು ನಾಣ್ಯ ನನ್ನ ಜೇಬಲ್ಲಿದ್ರೆ?"

ಆಗಲ್ಲ ಅನ್ನೋಕೆ ಬಾಯಿ ತೆಗೆದವನು ನಿಂತೆ. ಎಡಕ್ಕೆ ಐದು. ಬಲಕ್ಕೆ ನಾಲ್ಕು, ಜೊತೆಗೆ ಅವಳ ಜೇಬಿನದು ಒಂದು. ವಾಲಿದರೆ ಸರಿಯಾಗಿ 9 ಅನುಮಾನ. ಸಮ ಬಂದರೆ ಹೊರಗಿನ ನಾಲ್ಕಕ್ಕೆ 8.

"ಅವರೆಕಾಳಿನ ಡಬ್ಬ ತಗೊಂಡ್ ಬಾ" ಅಂದೆ.